ಚಿಪ್ಪಿನ ಕಿವಿರು ನಿಂತದ್ದೇಕೆ

ಜೂನ್ 4, ಬುಧವಾರ

ನನ್ನ ಲೇಖನ ಓದಿದ ಎರಡನೇ ವಿಮರ್ಶಕನಿಗೆ ತಲೆ ಸರಿಯಿಲ್ಲ. ಇದನ್ನು ವಿಜ್ಞಾನ ಪತ್ರಿಕೆಗೆ ಕಳಿಸುವ ಉತ್ತರದಲ್ಲಿ ಬರೆಯುವಂತಿಲ್ಲ, ಹಾಗಾಗಿ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ನಾಲ್ಕು ವರ್ಷದ ಕೆಲಸ ನನ್ನದು. ಕಪ್ಪೆಚಿಪ್ಪಿನ ಕಿವಿರಿನ ಮೇಲೆ ಜೀವಕೋಶಗಳ ಒಂದು ಹಾಸು ಇದೆ, ಕೋಶಕೋಶಕ್ಕೂ ಬರಿಗಣ್ಣಿಗೆ ಕಾಣದ ನವಿರು ಕೂದಲು. ಆ ಕೂದಲುಗಳು ಹಗಲಿರುಳು ಬಡಿದು ನೀರನ್ನು ಒಳಗೆಳೆಯುತ್ತವೆ. ಚಿಪ್ಪಿಗೆ ಉಸಿರೂ ಅದರಿಂದಲೇ, ಊಟವೂ ಅದರಿಂದಲೇ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಕಡಲಂಚಿನ ಉಪ್ಪುನೀರಿನ ಅಳಿವೆಗೆ ನುಗ್ಗಿದಾಗ ಈ ಕೂದಲುಗಳು ಸಾಲಾಗಿ ನಿಲ್ಲುತ್ತವೆ, ಒಂದು ಕೋಶ ಪಕ್ಕದ ಕೋಶಕ್ಕೆ 'ನಿಲ್ಲು' ಎಂದು ಸುದ್ದಿ ಮುಟ್ಟಿಸುತ್ತದೆ. ಇದು ನಾನು ಕಂಡದ್ದು. ಬಾಯಿಮಾತಲ್ಲ. ಕೋಶಗಳಿಗೆ ಹೊಳೆಯುವ ಬಣ್ಣ ಕುಡಿಸಿ, ನೀಲಿ ಬೆಳಕು ಬಿಟ್ಟು, ಆ ಸುದ್ದಿ ಹಸಿರಾಗಿ ಹರಿದುಹೋಗುವುದನ್ನು ಸೂಕ್ಷ್ಮದರ್ಶಕದ ಕ್ಯಾಮೆರಾದಲ್ಲಿ ಹಿಡಿದಿದ್ದೇನೆ. ನನ್ನ ಗೈಡ್ ಅಶೋಕ್ ಸರ್ ಅದನ್ನು ನೋಡುತ್ತಾ ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು.

ವಿಮರ್ಶಕ ಕೇಳುತ್ತಾನೆ: ಐಸ್ ಪೆಟ್ಟಿಗೆಯಲ್ಲಿ ವಿಶ್ವವಿದ್ಯಾಲಯದವರೆಗೆ ಬಂದ ಚಿಪ್ಪು ಸೊರಗಿರಬಹುದಲ್ಲವೇ? ಆಗಷ್ಟೇ ಹೊಳೆಯಿಂದ ತೆಗೆದ ಚಿಪ್ಪಿನಲ್ಲಿ ಇದನ್ನು ತೋರಿಸಿ. ಗಡುವು ಜುಲೈ ಕೊನೆ.

ತೋರಿಸುತ್ತೇನೆ. ಹೊಳೆ ನಮ್ಮದು, ಚಿಪ್ಪೂ ನಮ್ಮದು. ಸೂಕ್ಷ್ಮದರ್ಶಕವನ್ನೇ ಊರಿಗೆ ಹೊತ್ತು ತಂದಿದ್ದೇನೆ. ಕೋಡಿಯ ನಮ್ಮ ಮನೆಗೆ ತಾಗಿಕೊಂಡಿರುವ ಬಲೆ ಇಡುವ ಕೋಣೆಯೇ ಇನ್ನು ನನ್ನ ಪ್ರಯೋಗಾಲಯ.

ಅವಸರಕ್ಕೆ ಕಾರಣ ಇನ್ನೊಂದಿದೆ. ಬ್ರಹ್ಮಾವರದ ಹತ್ತಿರ ಹೊಸದಾಗಿ ಒಂದು ಸಂಶೋಧನಾ ಕೇಂದ್ರ ಆಗುತ್ತಿದೆ. ಅಲ್ಲಿ ಕಾಯಂ ವಿಜ್ಞಾನಿಯ ಹುದ್ದೆ ಒಂದೇ ಒಂದು. ಸಂದರ್ಶನ ಜುಲೈಯಲ್ಲಿ. ಈ ಲೇಖನ ಒಪ್ಪಿಗೆಯಾದರೆ ಹುದ್ದೆ ನನ್ನದು ಎಂದು ಸರ್ ಬಾಯಿಬಿಟ್ಟೇ ಹೇಳಿದ್ದಾರೆ. ನಮ್ಮ ಲ್ಯಾಬಿನಲ್ಲಿ ನನಗಿಂತ ಕಿರಿಯಳಾದ ಮೋಕ್ಷಿತಾ, ಆ ಕೆರಾಡಿಯ ಹುಡುಗಿ, ಅವಳೂ ಅರ್ಜಿ ಹಾಕಿದ್ದಾಳಂತೆ. ಹಾಕಲಿ ಪಾಪ.

ಜೂನ್ 9, ಸೋಮವಾರ

ಮೊದಲ ಚಿತ್ರಗಳೆಲ್ಲ ನಡುಗಿವೆ. ನಾನೂರು ಪಟ್ಟು ದೊಡ್ಡದು ಮಾಡಿ ನೋಡುವಾಗ ರಸ್ತೆಯಲ್ಲಿ ಟೆಂಪೊ ಹೋದರೂ ಸಾಕು, ಕೋಶಗಳಿಗೆ ಭೂಕಂಪ. ಅಮ್ಮ ಪಕ್ಕದ ಅಡುಗೆಮನೆಯಲ್ಲಿ ಕಾಯಿ ಹೆರೆದರೂ ಪರದೆಯ ಮೇಲೆ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ದುಬಾರಿ ಮೇಜು ಇತ್ತು. ಇಲ್ಲಿ ಎಲ್ಲಿಂದ ತರುವುದು?

ನನ್ನ ತಲೆ ಸುಮ್ಮನೆ ಕೂರುವುದಿಲ್ಲ. ಲಾರಿ ಟಯರಿನ ಟ್ಯೂಬಿಗೆ ಅರ್ಧ ಗಾಳಿ ಹಾಕಿಸಿ ನೆಲದ ಮೇಲಿಟ್ಟೆ. ಅದರ ಮೇಲೆ ಬಾವಿಕಟ್ಟೆಯ ಬಳಿಯಿದ್ದ ಬಟ್ಟೆ ಒಗೆಯುವ ಕಲ್ಲು. ಅದನ್ನು ಎತ್ತಲು ಕುಷ್ಟ ಮಾವ ಮೂರು ಜನರನ್ನು ಕರೆತಂದರು. ಅಮ್ಮನ ತಮ್ಮ ಅವರು, ಇಪ್ಪತ್ತು ವರ್ಷ ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರು. ಕಲ್ಲು ಎತ್ತಿದ್ದು ಆ ಮೂವರು, ಬೆವರಿದ್ದು ಮಾವ.

"ಎಲ್ಲಾ ಸರಿ, ನಾ ಇನ್ನ್ ಬಟ್ಟಿ ಎಲ್ಲ್ ಒಗುದ್? ನಿನ್ನ್ ಮಿಷನ್ ತಲಿ ಮೇಲಾ?" ಎಂದು ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಟೆನ್ಷನ್ ನಕೋ ಅಕ್ಕ. ಅವ್ಳಿಗೆ ಕೆಲ್ಸ ಸಿಗ್ಲಿ, ವಾಷಿಂಗ್ ಮಿಷನ್ನೇ ತತ್ತ್," ಎಂದರು ಮಾವ.

ಕಲ್ಲಿನ ಮೇಲೆ ಸೂಕ್ಷ್ಮದರ್ಶಕ ಕೂರಿಸಿದೆ. ಟೆಂಪೊ ಹೋಯಿತು. ಚಿತ್ರ ಅಲುಗಲಿಲ್ಲ. ಮಾವನ ಬೆನ್ನು ತಟ್ಟಿ, ಆಮೇಲೆ ಬೇರೆ ಯಾರೂ ಇಲ್ಲದ್ದರಿಂದ ನನ್ನ ಬೆನ್ನನ್ನೂ ನಾನೇ ತಟ್ಟಿಕೊಂಡೆ.

ಜೂನ್ 13, ಶುಕ್ರವಾರ

ಇಳಿತದ ಹೊತ್ತಿಗೆ ಹೊಳೆಗಿಳಿದು ಚಿಪ್ಪು ತಂದೆ. ಕಿವಿರಿನ ಚೂರೊಂದನ್ನು ಬಿಡಿಸಿ ಗಾಜಿನ ಮೇಲೆ ಹರಡಿದರೆ ಕೂದಲುಗಳು ಏನು ಬಡಿತ, ಏನು ಉತ್ಸಾಹ! ಐಸ್ ಪೆಟ್ಟಿಗೆಯ ಚಿಪ್ಪುಗಳಲ್ಲಿ ನಾನು ಇಂಥದ್ದನ್ನು ನೋಡಿರಲಿಲ್ಲ. ಈ ಒಂದು ವಿಷಯದಲ್ಲಿ ವಿಮರ್ಶಕ ಹೇಳಿದ್ದು ಸರಿ ಇರಬಹುದು. ಒಂದರಲ್ಲಿ ಮಾತ್ರ.

ಈಗ ಮಳೆಗಾಲದ ನಿಷೇಧ, ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಅಮ್ಮ ಒಣಮೀನು ಹಿಡಿದುಕೊಂಡು ಬಸ್ಸಿನಲ್ಲಿ ಹಾಲಾಡಿಗೆ ಹೋಗಿ ಮಾರಿ ಬರುತ್ತಾಳೆ. ಬಂದವಳು ಬುಟ್ಟಿ ಇಳಿಸಿದ್ದೇ ತಡ, ಎಳೆದುತಂದು ಕೂರಿಸಿದೆ. ಎರಡೂ ಕಣ್ಣು ಒಟ್ಟಿಗೆ ಇಡಲು ಬರದೆ ಒಂದು ಕಣ್ಣು ಮುಚ್ಚಿಕೊಂಡೇ ನೋಡಿದಳು.

"ಹೋ! ಇದೆಂತ ಮರಾಯ್ತಿ, ಎಲ್ಲಾ ಒಟ್ಟಿಗೇ ಬಡ್ಕಂತಾ ಇತ್ತ್!"

"ಜೀವ ಇತ್ತಮ್ಮ ಅದಕ್ಕೆ."

"ನಾವ್ ಇದನ್ನೇ ಅಲ್ದಾ ಕಾಯಿ ಹಾಕಿ ಸುಕ್ಕ ಮಾಡುದ್?"

"ಹೌದು."

"ಪಾಪ," ಎಂದಳು. ಆಮೇಲೆ ಬಕೆಟಿನಲ್ಲಿ ಉಳಿದದ್ದನ್ನೆಲ್ಲ ಒಯ್ದು ಸುಕ್ಕ ಮಾಡಿದಳು. ನಾನು ಎರಡು ಸಲ ಬಡಿಸಿಕೊಂಡೆ.

ಜೂನ್ 21, ಶನಿವಾರ

ಸಿಕ್ಕಿತು! ತಾಜಾ ಚಿಪ್ಪಿನಲ್ಲಿ, ನಮ್ಮ ಹೊಳೆಬಾಯಿಯ ಉಪ್ಪುನೀರಿನಲ್ಲಿ, ಅದೇ ಹಸಿರು ಸುದ್ದಿ. ಎಡದಿಂದ ಬಲಕ್ಕೆ ಹರಿಯಿತು, ಹರಿದಲ್ಲೆಲ್ಲ ಕೂದಲುಗಳು ತಟಸ್ಥ. ಒಂದಲ್ಲ, ಈ ವಾರದ ಆರು ಚಿಪ್ಪುಗಳಲ್ಲೂ.

ಚಿತ್ರಗಳು ಎಷ್ಟು ಸ್ಪಷ್ಟ ಎಂದರೆ ನನಗೇ ಹೊಟ್ಟೆಕಿಚ್ಚಾಗುತ್ತದೆ. ಇದರಲ್ಲಿ ಗುಟ್ಟೇನಿಲ್ಲ, ತಾಳ್ಮೆ ಅಷ್ಟೇ. ಬೇರೆಯವರು ಅರೆಗಳಿಗೆಯಲ್ಲಿ ಫೋಕಸ್ ಮಾಡಿ ಮುಗಿಸುತ್ತಾರೆ. ನಾನು ನೀಲಿ ಬೆಳಕು ಹಾಕಿ ಕೂತೆನೆಂದರೆ ಕೂದಲು ಕೂದಲು ಬಿಡಿಸಿ ಕಾಣುವ ತನಕ ಏಳುವುದಿಲ್ಲ, ಕಾಲು ಗಂಟೆಯಾದರೂ ಸರಿ. ಆಮೇಲೆ ಸಿಹಿನೀರಿನ ಹನಿ, ಆಮೇಲೆ ರೆಕಾರ್ಡಿಂಗ್.

ಸರ್ ಫೋನಿನಲ್ಲಿ ಬಹಳ ಖುಷಿಯಾಗಿದ್ದರು. ಒಂದೇ ಒಂದು ಕಿರಿಕಿರಿ ಹೇಳಿದರು. "ಮೋಕ್ಷಿತಾ ಹೋದ ವರ್ಷ ಇದೇ ಪ್ರಯೋಗ ಮಾಡಿದಾಗ ಅವಳ ಕೋಶಗಳು ನಿಂತಿರಲಿಲ್ಲ, ನೆನಪಿದೆಯಾ? ಸಂದರ್ಶನದಲ್ಲಿ ಅವಳು ಅದನ್ನು ಹೇಳಿದರೆ ನಿಮ್ಮ ಬಳಿ ಉತ್ತರ ಇರಲಿ."

ನೆನಪಿಲ್ಲದೆ ಏನು? ಅವಳದ್ದು ಸೋಮಾರಿ ವಿಧಾನ. ಮಂದ ಕೆಂಪು ಬೆಳಕಿನಲ್ಲಿ ಅಂದಾಜಿಗೆ ಫೋಕಸ್ ಮಾಡುವುದು, ಕೊನೆಯ ಕ್ಷಣಕ್ಕೆ ನೀಲಿ ಹಾಕುವುದು. ಚಿತ್ರವೆಲ್ಲ ಮಂಜು ಮಂಜು. ಕೂದಲು ನಿಂತದ್ದು ಕಾಣಬೇಕಾದರೆ ಮೊದಲು ಕೂದಲು ಕಾಣಬೇಡವೇ? ಇಂಥವು ಏನಕ್ಕೂ ಬರುವುದಿಲ್ಲ ಎಂದು ಆಗಲೇ ಅವಳ ಮುಖಕ್ಕೇ ಹೇಳಿದ್ದೆ.

ಉತ್ತರ ತಾನೇ ಬೇಕು? ಅವಳ ವಿಧಾನದಲ್ಲೇ ನಾನು ಮಾಡಿ, ಮಂಜಿನ ಹಿಂದೆ ಕೋಶಗಳು ನಿಂತೇ ಇರುತ್ತವೆ ಎಂದು ತೋರಿಸಿದರೆ ಆಯಿತು. ಒಂದು ದಿನದ ಕೆಲಸ.

ಜೂನ್ 27, ಶುಕ್ರವಾರ

ಮೋಕ್ಷಿತಾ ವಿಧಾನ. ಕೆಂಪು ಬೆಳಕು, ಅಂದಾಜು ಫೋಕಸ್, ಸಿಹಿನೀರು, ಕೊನೆಗೆ ನೀಲಿ.

ನಿಲ್ಲಲಿಲ್ಲ. ಸ್ವಲ್ಪ ನಿಧಾನವಾದವು, ಅಷ್ಟೇ. ಚಿಪ್ಪೇ ಸರಿ ಇರಲಿಕ್ಕಿಲ್ಲ.

ಜೂನ್ 28, ಶನಿವಾರ

ಇವತ್ತೂ ನಿಲ್ಲಲಿಲ್ಲ.

ಜುಲೈ 3, ಗುರುವಾರ

ಒಂದು ವಾರದಿಂದ ತಲೆಕೆಟ್ಟಿದೆ. ಚಿಪ್ಪು ಬದಲಿಸಿದೆ, ಬಣ್ಣದ ಹೊಸ ಸೀಸೆ ಒಡೆದೆ, ನೀರು ಬೇರೆ ಜಾಗದಿಂದ ತಂದೆ. ನನ್ನ ವಿಧಾನದಲ್ಲಿ ಮಾಡಿದರೆ ನಿಲ್ಲುತ್ತವೆ. ಅವಳ ವಿಧಾನದಲ್ಲಿ ನಿಲ್ಲುವುದಿಲ್ಲ. ಒಂದೇ ಚಿಪ್ಪಿನ ಎರಡು ಚೂರುಗಳಲ್ಲೂ ಇದೇ ಕಥೆ.

ಅಮ್ಮ ಬಕೆಟಿಗೆ ಬಾವಿನೀರು ಬೆರೆಸಿದ್ದಾಳೆ ಎಂದು ಅವಳ ಮೇಲೆ ಹಾರಾಡಿದೆ.

"ನಾ ಎಂತಕ್ ಬೆರ್ಸ್ಲಿ? ನಿನ್ನ್ ಬಕೆಟ್ ಹತ್ರ ಬಪ್ಪುಕೂ ಹೆದ್ರಿಕೆ ನಂಗೆ," ಎಂದಳು. "ಬಿಸಿಲ್ ಬಂದ್ರೆ ಬಿಸ್ಲಿಗ್ ಬೈತೆ, ಕರೆಂಟ್ ಹೋದ್ರೆ ಕರೆಂಟಿಗ್ ಬೈತೆ, ಈಗ ನಾ ಸಿಕ್ಕ್ದೆ ನಿಂಗೆ."

ಅವಳು ಬೆರೆಸಿಲ್ಲ. ಬೆರೆಸಿಲ್ಲ ಎಂದು ಬೈಯುವಾಗಲೇ ಗೊತ್ತಿತ್ತು. ಸಂಜೆ ಅವಳಿಗೆ ಚಹಾ ಮಾಡಿಕೊಟ್ಟೆ. ಸಕ್ಕರೆ ಸಾಲದು ಎಂದಳು, ಹಾಕಿಕೊಟ್ಟೆ.

ಈಗ ಒಂದು ಯೋಚನೆ ಬಂದಿದೆ. ಬರೆಯುವುದಿಲ್ಲ, ಮೊದಲು ಮಾಡಿ ನೋಡುತ್ತೇನೆ.

ಜುಲೈ 8, ಮಂಗಳವಾರ

ಬರೆದಿಡುತ್ತೇನೆ, ಇದ್ದದ್ದು ಇದ್ದ ಹಾಗೆ.

ನೀಲಿ ಬೆಳಕು ಬರುವ ದಾರಿಯಲ್ಲಿ ಒಂದು ಸಣ್ಣ ಕಿಂಡಿ ಇದೆ, ಕಣ್ಣಿನ ಪಾಪೆಯ ಹಾಗೆ ಅಗಲ ಮಾಡಬಹುದು, ಕಿರಿದು ಮಾಡಬಹುದು. ಅದನ್ನು ತೀರ ಕಿರಿದು ಮಾಡಿದೆ. ಕಿವಿರಿನ ಹಾಸಿನ ನಡುವೆ ಒಂದು ಸಣ್ಣ ವೃತ್ತಕ್ಕೆ ಮಾತ್ರ ನೀಲಿ ಬಿತ್ತು, ಸುತ್ತಲಿನ ಕೋಶಗಳೆಲ್ಲ ಕತ್ತಲಲ್ಲಿ. ಎಂದಿನಂತೆ ನನ್ನ ತಾಳ್ಮೆಯ ಫೋಕಸ್, ಕಾಲು ಗಂಟೆ, ಮತ್ತೆ ರೆಕಾರ್ಡಿಂಗಿನಷ್ಟು ಹೊತ್ತು. ಸಿಹಿನೀರು ಹಾಕಲೇ ಇಲ್ಲ, ಒಂದು ಹನಿಯೂ ಇಲ್ಲ. ಆಮೇಲೆ ನೀಲಿ ಆರಿಸಿ ಮಂದ ಕೆಂಪು ಬೆಳಕಿನಲ್ಲಿ ಇಡೀ ಹಾಸನ್ನು ನೋಡಿದೆ.

ವೃತ್ತದೊಳಗೆ ಎಲ್ಲ ಕೂದಲೂ ನಿಂತಿವೆ. ವೃತ್ತದ ಹೊರಗೆ ಎಲ್ಲವೂ ಬಡಿಯುತ್ತಿವೆ. ನಡುವೆ ಗೆರೆ ಎಳೆದ ಹಾಗೆ.

ಅವುಗಳನ್ನು ನಿಲ್ಲಿಸಿದ್ದು ಹೊಳೆಯಲ್ಲ, ಮಳೆಯಲ್ಲ, ಪಕ್ಕದ ಕೋಶವೂ ಅಲ್ಲ. ನನ್ನ ದೀಪ. ಬಣ್ಣ ಕುಡಿದ ಕೋಶಕ್ಕೆ ಅಷ್ಟು ಹೊತ್ತು ನೀಲಿ ಬೆಳಕು ಬಿಟ್ಟರೆ ಒಳಗಿನಿಂದ ಬೇಯುತ್ತದೆ. ಹಸಿರಾಗಿ ಹರಿದದ್ದು ಸುದ್ದಿಯಲ್ಲ, ನೋವು. ಸಿಹಿನೀರು ಹಾಕದ ಹೋಲಿಕೆಯ ಪ್ರಯೋಗಗಳಲ್ಲಿ ಇದು ಗೊತ್ತಾಗಬೇಕಿತ್ತಲ್ಲ? ಗೊತ್ತಾಗಲಿಲ್ಲ, ಏಕೆಂದರೆ ಅವುಗಳ ಮುಂದೆ ನಾನು ಅಷ್ಟು ಹೊತ್ತು ಕೂರುತ್ತಿರಲಿಲ್ಲ. ಏನೂ ಆಗದ ಕಡೆ ಚಂದದ ಚಿತ್ರ ಯಾರಿಗೆ ಬೇಕು ಎಂದು ಬೇಗ ಬೇಗ ಮುಗಿಸಿಬಿಡುತ್ತಿದ್ದೆ.

ನಾನು ಎಷ್ಟು ಚೆನ್ನಾಗಿ ನೋಡಿದೆನೋ ಅಷ್ಟು ಚೆನ್ನಾಗಿ ಸುಟ್ಟಿದ್ದೇನೆ. ಒಗೆಯುವ ಕಲ್ಲಿನ ಮೇಲೆ ತಲೆಯಿಟ್ಟು ಅತ್ತೆ. ಟ್ಯೂಬು ಮೆಲ್ಲಗೆ ತೂಗಿತು.

ಜುಲೈ 10, ಗುರುವಾರ

ಸರ್‌ಗೆ ವಿಡಿಯೊ ಕಳಿಸಿ ಫೋನ್ ಮಾಡಿದೆ. ವಿಡಿಯೊವನ್ನು ಇನ್ನೊಮ್ಮೆ ಹಾಕಿ ನೋಡಿದರು. ಆಮೇಲೆ ಹೇಳಿದರು: "ಸುಗುಣಾ, ವಿಮರ್ಶಕರು ಬೆಳಕಿನ ಬಗ್ಗೆ ಕೇಳಿಲ್ಲ. ತಾಜಾ ಚಿಪ್ಪಿನಲ್ಲಿ ತೋರಿಸಿ ಅಂದರು, ನೀವು ತೋರಿಸಿದ್ದೀರಿ. ಜೂನ್ ತಿಂಗಳ ರೆಕಾರ್ಡಿಂಗ್ ಕಳಿಸಿಬಿಡೋಣ."

"ಅದು ತಪ್ಪು ಅಂತ ಈಗ ಗೊತ್ತಿದೆಯಲ್ಲ ಸರ್."

"ಗೊತ್ತಿರುವುದು ನಮ್ಮಿಬ್ಬರಿಗೆ. ಮುಂದಿನ ಲೇಖನದಲ್ಲಿ ನಾವೇ ತಿದ್ದೋಣ, ಅದೂ ಒಳ್ಳೆಯ ಲೇಖನವೇ. ನಿಮ್ಮ ಫೆಲೋಶಿಪ್ ಸೆಪ್ಟೆಂಬರಿಗೆ ಮುಗಿಯುತ್ತದೆ. ಈ ಹುದ್ದೆ ಹೋದರೆ ಇನ್ನೊಂದು ಯಾವಾಗ ಬರುತ್ತದೋ ನನಗೂ ಗೊತ್ತಿಲ್ಲ."

ಕೆಟ್ಟವರಲ್ಲ ಸರ್. ನನ್ನ ಒಳ್ಳೆಯದಕ್ಕೇ ಹೇಳಿದರು, ಅದೇ ಹೆಚ್ಚು ಸಿಟ್ಟು ಬರಿಸಿತು. ಒಂದು ದಿನ ಕೊಡಿ ಎಂದೆ.

ಆ ಹುದ್ದೆ ನನಗೆ ಬೇಕು. ಬೇಡ ಎಂದು ಸುಳ್ಳು ಬರೆದುಕೊಳ್ಳುವುದಿಲ್ಲ. ಬ್ರಹ್ಮಾವರಕ್ಕೆ ಬಸ್ಸಿನಲ್ಲಿ ಹೋಗಿಬರುವುದು, ನನ್ನದೇ ಕೋಣೆ, ನನ್ನದೇ ಸೂಕ್ಷ್ಮದರ್ಶಕ, ಇದನ್ನೆಲ್ಲ ಎಷ್ಟು ಸಲ ಕಣ್ಣ ಮುಂದೆ ತಂದುಕೊಂಡಿದ್ದೇನೋ. ಆದರೆ ಲೇಖನ ಬಂದರೆ ಎಲ್ಲೋ ಯಾರೋ ಒಬ್ಬಳು ಅದನ್ನು ನಂಬುತ್ತಾಳೆ. ಕೋಶದಿಂದ ಕೋಶಕ್ಕೆ ಹೋಗುವ ಆ ಸುದ್ದಿಯನ್ನು ಹುಡುಕುತ್ತಾ ಅವಳೂ ನಾಲ್ಕು ವರ್ಷ ಕತ್ತಲೆ ಕೋಣೆಯಲ್ಲಿ ಕೂರುತ್ತಾಳೆ, ಇಲ್ಲದ್ದನ್ನು. ಅವಳು ನನ್ನಷ್ಟೇ ತಾಳ್ಮೆಯವಳಾಗಿದ್ದರೆ ಮುಗಿಯಿತು, ಸಿಕ್ಕಿಯೂ ಬಿಡುತ್ತದೆ.

ಜುಲೈ 11, ಶುಕ್ರವಾರ

ಲೇಖನ ಹಿಂದಕ್ಕೆ ಪಡೆದೆವು. ಸರ್ ಒಪ್ಪಿಗೆ ಕೊಟ್ಟರು.

ತಪ್ಪು ಕಂಡುಹಿಡಿದದ್ದು ಎರಡನೇ ವಿಮರ್ಶಕ ಅಲ್ಲ, ನಾನು. ಇದು ದಾಖಲಾಗಿರಲಿ.

ಜುಲೈ 14, ಸೋಮವಾರ

ಮೋಕ್ಷಿತಾಗೆ ಫೋನ್ ಮಾಡಿದೆ.

"ಹ್ವಾಯ್, ನಿನ್ನ್ ಹೋದ್ ವರ್ಷದ್ ವಿಡಿಯೊ ಎಲ್ಲಾ ಇತ್ತಾ? ಡಿಲೀಟ್ ಮಾಡ್ದ್ಯಾ?"

"ಇತ್ತ್ ಅಕ್ಕ. ಎಂತಕ್ಕೂ ಬತ್ತಿಲ್ಲ ಅಂದಿದ್ರಿ ನೀವ್. ಆದ್ರೂ ಇಟ್ಕಂಡಿದ್ದೆ," ಎಂದಳು, ಹೆದರಿಕೊಂಡೇ.

ನಡೆದದ್ದನ್ನೆಲ್ಲ ಹೇಳಿದೆ. ಕೆಂಪು ಬೆಳಕಿನಲ್ಲಿ ಫೋಕಸ್ ಮಾಡಬೇಕು ಎಂದು ನಿನಗೆ ಹೊಳೆದದ್ದು ಹೇಗೆ ಎಂದು ಕೇಳಿದೆ.

"ಹೊಳಿಲಿಲ್ಲ ಅಕ್ಕ. ನೀಲಿ ಬೆಳ್ಕ್ ಕಂಡ್ರೆ ನಂಗೆ ತಲಿ ನೋವ್ ಬತ್ತ್."

ಹದಿನೈದು ದಿನಗಳಲ್ಲಿ ಮೊದಲ ಸಲ ನಗು ಬಂತು. ಇಬ್ಬರೂ ನಕ್ಕೆವು, ನಿಲ್ಲಿಸಲಾಗಲಿಲ್ಲ. ನಕ್ಕು ಮುಗಿದ ಮೇಲೆ ಕೆಲಸ ಹಂಚಿಕೊಂಡೆವು. ಯಾವ ಬೆಳಕು ಎಷ್ಟು, ಎಷ್ಟು ಹೊತ್ತು ಬಿಟ್ಟರೆ ಕೂದಲು ನಿಲ್ಲುತ್ತದೆ, ಎಷ್ಟರೊಳಗೆ ಬಿಟ್ಟರೆ ಕೋಶಕ್ಕೆ ಏನೂ ಆಗುವುದಿಲ್ಲ? ನನಗೆ ಗೊತ್ತಿರುವಂತೆ ಚಿಪ್ಪಿನ ಕಿವಿರಿನಲ್ಲಿ ಇದನ್ನು ಯಾರೂ ಅಳೆದಿಲ್ಲ. ಅಳೆಯುವುದು ನಾನು. ಅವಳ ವಿಡಿಯೊಗಳು ಆರೋಗ್ಯವಂತ ಕೋಶ ಹೇಗಿರುತ್ತದೆ ಎಂಬುದಕ್ಕೆ ಸಾಕ್ಷಿ. ಸಂದರ್ಶನದಲ್ಲಿ ಅವನ್ನು ತೋರಿಸು, ಹೆದರಬೇಡ ಎಂದೆ.

"ನೀವೂ ಅಲ್ಲಿಗ್ ಬತ್ರಿ ಅಲ್ದಾ ಅಕ್ಕ?" ಎಂದು ಕೇಳಿದಳು.

"ಬಾರ್ದೆ? ಬತ್ತೆ," ಎಂದೆ.

ಜುಲೈ 18, ಶುಕ್ರವಾರ

ಬೆಳಗ್ಗೆಯಿಂದ ಅಳೆಯುತ್ತಲೇ ಇದ್ದೇನೆ. ಮಂದ ಬೆಳಕಿನಲ್ಲಿ ಚಿತ್ರ ಅಷ್ಟು ಚಂದ ಬರುವುದಿಲ್ಲ, ಮಂಜು ಮಂಜು. ಆದರೆ ಬೆಳಗ್ಗೆ ಇಟ್ಟ ಚೂರು ಮಧ್ಯಾಹ್ನ ಊಟ ಮಾಡಿ ಬಂದಾಗಲೂ ಬಡಿಯುತ್ತಿತ್ತು. ನಾಲ್ಕು ವರ್ಷದಲ್ಲಿ ಊಟ ಮುಗಿಸಿ ಬಂದು ನೋಡಿದಾಗ ಬದುಕಿದ್ದದ್ದು ಇದೇ ಮೊದಲು. ಅಮ್ಮನನ್ನು ಕರೆದೆ. ಅವಳು ಬರುವ ಹೊತ್ತಿಗೆ ಕರೆಂಟು ಹೋಯಿತು, ಇಬ್ಬರೂ ಕತ್ತಲಲ್ಲೇ ಕೂತೆವು. ಹಾಲಾಡಿಯಲ್ಲಿ ಇವತ್ತು ವ್ಯಾಪಾರ ಚೆನ್ನಾಗಿತ್ತಂತೆ.

ಜುಲೈ 22, ಮಂಗಳವಾರ

ಸಂದರ್ಶನ ಆಯಿತು. ಮೇಜಿನಾಚೆ ಐದು ಜನ. ನಡುವೆ ಕೂತಿದ್ದ ಹಿರಿಯ ಹೆಂಗಸು ನನ್ನ ಅರ್ಜಿ ತಿರುವಿ, "ಇಲ್ಲಿ ಲೇಖನ ಒಂದು ಪರಿಶೀಲನೆಯಲ್ಲಿದೆ ಎಂದು ಬರೆದಿದ್ದೀರಿ," ಎಂದರು.

"ಈಗ ಇಲ್ಲ ಮೇಡಂ. ಹಿಂದಕ್ಕೆ ಪಡೆದೆ. ಅದರ ಮುಖ್ಯ ಮಾತೇ ತಪ್ಪು."

ಐವರೂ ತಲೆಯೆತ್ತಿದರು. ವೃತ್ತದ ಚಿತ್ರ ತೋರಿಸಿ ವಿವರಿಸಿದೆ. ಪಕ್ಕದಲ್ಲಿದ್ದ ಒಬ್ಬರು ಮೆಲ್ಲಗೆ, "ಅಂದರೆ ನಾಲ್ಕು ವರ್ಷದಲ್ಲಿ ನಿಮ್ಮ ಕೈಯಲ್ಲಿ ಉಳಿದದ್ದು ಏನು?" ಎಂದರು.

"ಬದುಕಿರುವ ಕೋಶವನ್ನು ಕೊಲ್ಲದೆ ನೋಡಲು ಬರುತ್ತದೆ ಸರ್. ಹೋದ ತಿಂಗಳು ಬರುತ್ತಿರಲಿಲ್ಲ."

ಒಳ್ಳೆಯ ಉತ್ತರ. ಬಸ್ಸಿನಲ್ಲಿ ಬರುವಾಗ ಇದಕ್ಕಿಂತ ಒಳ್ಳೆಯದು ಯಾವುದಾದರೂ ಇತ್ತಾ ಎಂದು ಹುಡುಕಿದೆ, ಸಿಗಲಿಲ್ಲ.

ಜುಲೈ 31, ಗುರುವಾರ

ಹುದ್ದೆ ಮೋಕ್ಷಿತಾಗೆ.

ಫಲಿತಾಂಶ ನೋಡಿ ಬಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ತುಂಬ ನೋವಾಗಿದೆ, ಅದನ್ನು ಬೇರೆ ಹೇಗೆ ಬರೆಯಲಿ. ಅಮ್ಮ ಬಾಗಿಲು ತಟ್ಟಿ, "ನೀನ್ ತಪ್ಪ್ ಮಾಡಿದ್ ಅಂತ ಅವ್ರಿಗ್ ಗೊತ್ತಿದ್ದಿತಾ?" ಎಂದು ಕೇಳಿದಳು.

"ಇಲ್ಲ, ನಾನೇ ಹೇಳ್ದೆ."

"ಆಯ್ತ್, ಗಂಜಿ ಆರತ್ತ್, ಬಾ," ಎಂದು ಹೋದಳು. ಹೋಗಿ ಉಂಡೆ.

ಮಧ್ಯಾಹ್ನ ಮೋಕ್ಷಿತಾ ಫೋನ್ ಮಾಡಿದಳು. ಅಳುತ್ತಿದ್ದಳು.

"ಅಕ್ಕಾ, ಅದ್ ನಿಮ್ಗೆ ಸಿಕ್ಬೇಕಾದ್ದ್. ನಾ ಬೇಡ ಅಂತ ಬರ್ದ್ ಕೊಡ್ತೆ."

"ಬರ್ದ್ ಕೊಟ್ರೆ ಕಾಲ್ ಮುರಿತೆ," ಎಂದೆ. "ಕೋಶ ಸರಿ ಕಂಡದ್ ನೀನ್, ಸುಟ್ಟದ್ ನಾನ್. ಸುಮ್ನೆ ಹೋಗಿ ಸೇರ್ಕೊ. ಅಲ್ಲಿಗೆ ಹೊಸ ಮೈಕ್ರೋಸ್ಕೋಪ್ ಬಂದ್ ದಿನ ನಂಗೆ ಹೇಳ್, ನಾ ಬತ್ತೆ. ಅಲ್ಲಿವರಿಗೆ ದೀಪ ಹಾಕ್ಬೇಡ."

ಆಮೇಲೆ, ಸಂದರ್ಶನದಲ್ಲಿ ನಿನ್ನನ್ನು ಏನು ಕೇಳಿದರು ಎಂದೆ. ಮೊದಲು ಹೇಳಲು ಒಪ್ಪಲಿಲ್ಲ, ಗದರಿಸಿದ ಮೇಲೆ ಹೇಳಿದಳು. ನಡುವೆ ಕೂತಿದ್ದ ಆ ಮೇಡಂ ಕೇಳಿದರಂತೆ: ನಿಮ್ಮ ವಿಡಿಯೊಗಳಲ್ಲಿ ಕೋಶಗಳು ನಿಂತಿಲ್ಲ, ಹಾಗಾದರೆ ಸುಗುಣಾ ಅವರ ಕೆಲಸ ತಪ್ಪು ಎಂದು ನಿಮಗೆ ಹೋದ ವರ್ಷವೇ ಗೊತ್ತಿತ್ತಲ್ಲವೇ? ಹೂಂ ಎಂದಿದ್ದರೆ ಸಾಕಿತ್ತು. ಅವಳು ಹೇಳಿದ್ದು: ಇಲ್ಲ, ನನಗೆ ಗೊತ್ತಿರಲಿಲ್ಲ, ನನ್ನದೇ ತಪ್ಪು ಅಂದುಕೊಂಡಿದ್ದೆ, ಸುಗುಣಕ್ಕ ಕಂಡುಹಿಡಿದು ಹೇಳಿದ ಮೇಲೇ ಗೊತ್ತಾದದ್ದು.

ಫೋನ್ ಇಟ್ಟೆ. ಮೇಜಿನಾಚೆ ಆ ಮೇಡಂ ಕುರ್ಚಿಯಲ್ಲಿ ನಾನು ಕೂತಿದ್ದರೂ ಹುದ್ದೆಯನ್ನು ಅವಳಿಗೇ ಕೊಡುತ್ತಿದ್ದೆ. ಇದನ್ನು ಅವಳಿಗೆ ಮಾತ್ರ ಹೇಳುವುದಿಲ್ಲ.